ಒಣಗಂಟಲ ಬಾವಿ

ಅಂಬರಕೋಟೆಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸುತ್ತೇವೆ ಎಂದು ಹೊರಟವರನ್ನು ಕಂಡರೆ ಊರಿನವರು ಒಳಗೊಳಗೇ ನಗುತ್ತಾರೆ. ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಆಟೋದವರು ಮುತ್ತಿಕೊಂಡು, ಆನೆಲಾಯ, ನೆರಳು ನೋಡಿ ಹೊತ್ತು ಹೇಳುವ ಬುರುಜು, ರಾಣಿಯರ ಹೂದೋಟ ಎಂದು ಒಂದೇ ಉಸಿರಿನಲ್ಲಿ ಪಟ್ಟಿ ಒಪ್ಪಿಸುತ್ತಾರೆ. ಇಷ್ಟು ದೊಡ್ಡ ಪಟ್ಟಣದಲ್ಲಿ ನೋಡುವುದಕ್ಕೆ ಬರವಿಲ್ಲ. ಮುತ್ತಿನ ಪೇಟೆಯಲ್ಲಿ ಚೌಕಾಸಿ ಮಾಡದೆ ಮುಂದೆ ಹೋದರೆ ಅಂಗಡಿಯವರಿಗೇ ಬೇಸರ; ಮಧ್ಯಾಹ್ನ ಉಪ್ಪಿನ ಪೇಟೆಯ ಹಿಂದಿನ ಓಣಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ತಿನ್ನದೆ ಹೋದರೆ ಹೊಟ್ಟೆಗೆ ಮಾಡಿದ ದ್ರೋಹ. ಇವೆಲ್ಲ ಮುಗಿದ ಮೇಲೆ, ಕಾಲು ಸೋತು, ಬೆವರು ಬತ್ತಿ, ಎಲ್ಲಾದರೂ ಕೂತರೆ ಸಾಕು ಎನ್ನುವ ಹೊತ್ತಿಗೆ ಗೈಡುಗಳು ಜನರನ್ನು ಹಳೆ ಕೋಟೆಯ ಪಡುವಣ ಮೂಲೆಗೆ ಕರೆತರುತ್ತಾರೆ. ಅಲ್ಲಿರುವುದು ನೂರೆಂಟು ಮೆಟ್ಟಿಲುಗಳ ಒಂದು ಬಾವಿ. ದಂಡೆಯ ಮೇಲೆ ಒಂದು ಹುಣಸೆಮರ. ನೀರು ಎಳನೀರಿನಷ್ಟು ಸಿಹಿ, ಯಾವ ಬೇಸಿಗೆಯಲ್ಲೂ ಪೂರ್ತಿ ಬತ್ತಿದ್ದಿಲ್ಲ. ಆದರೂ ಅದರ ಹೆಸರು ಒಣಗಂಟಲ ಬಾವಿ. ತುಂಬಿದ ಬಾವಿಗೆ ಇಂಥ ಹೆಸರನ್ನು ಯಾವ ಪುಣ್ಯಾತ್ಮ ಇಟ್ಟ ಎಂದು ಬಂದವರೆಲ್ಲ ಕೇಳುತ್ತಾರೆ. ಇಟ್ಟದ್ದು ಪುಣ್ಯಾತ್ಮನಲ್ಲ, ಒಬ್ಬ ಹೆಂಗಸು. ಪುಣ್ಯದ ಯೋಚನೆ ಆಕೆಗೆ ಆಗ ಇರಲೂ ಇಲ್ಲ.

ಹಿಂದೆ ಒಮ್ಮೆ, ಅಂಬರಕೋಟೆ ದೂರದ ಚಕ್ರವರ್ತಿಯೊಬ್ಬನ ಕೈಕೆಳಗಿನ ಪಟ್ಟಣವಾಗಿದ್ದಾಗ, ಇಲ್ಲಿ ಊರುನೋಟ ಎಂಬ ಪದ್ಧತಿಯಿತ್ತು ಎನ್ನುತ್ತಾರೆ. ವರ್ಷಕ್ಕೊಮ್ಮೆ ಚಕ್ರವರ್ತಿಯ ಪ್ರತಿನಿಧಿ ಪರಿವಾರದೊಡನೆ ಬಂದು ಊರನ್ನು ಕಾಲ್ನಡಿಗೆಯಲ್ಲಿ ನೋಡುತ್ತಿದ್ದ. ತೋರಿಸುವ ಹಕ್ಕು ಒಂದೇ ಮನೆತನದ ಹೆಂಗಸರದು. ಬೆಳ್ಳಿಕಟ್ಟಿನ ಬೆತ್ತವೊಂದನ್ನು ಹಿಡಿದು ಆಕೆ ಮುಂದೆ ನಡೆದರೆ, ಆ ದಿನದ ಮಟ್ಟಿಗೆ ದಾರಿ ಅವಳದು, ನಡಿಗೆಯ ವೇಗ ಅವಳದು. ಊರನ್ನಾಳುವ ನಾಯಕನೂ ಬೆತ್ತದ ಹಿಂದೆಯೇ ಬರಬೇಕು. ಪ್ರತಿ ಕಟ್ಟಡದ ಮುಂದೆ ನಿಂತಾಗ ಅತಿಥಿ, ಇದು ಯಾರ ಕೈಕೆಲಸ ಎಂದು ಕೇಳುತ್ತಿದ್ದ. ಕಟ್ಟಿದವನ ಹೆಸರನ್ನು ಹೇಳಲೇಬೇಕು. ಅಲ್ಲಿ ಸುಳ್ಳಾಡಿದ್ದು ತಿಳಿದರೆ ನಾಯಕನ ಮುದ್ರೆಯುಂಗುರ, ಅದರೊಡನೆ ಅಧಿಕಾರ, ಅಲ್ಲೇ ಕಳಚುತ್ತಿತ್ತು. ಇನ್ನೂ ಒಂದು ಕಟ್ಟಳೆಯಿತ್ತು: ಅತಿಥಿಗಳಿಗೆ ಹಾದಿಯುದ್ದಕ್ಕೂ ಪಾನಕ, ಮಜ್ಜಿಗೆ, ಆದರೆ ತೋರಿಸುವವಳೂ ನಾಯಕನೂ ಕೊನೆಯ ಜಾಗ ನೋಡಿ ಮುಗಿಯುವವರೆಗೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುವಂತಿಲ್ಲ. ಬಂದವರು ತಣಿದ ಮೇಲೆ ಮನೆಯವರು ತಣಿಯಬೇಕು ಎಂಬ ಮರ್ಯಾದೆ ಅದು.

ಆ ಕಾಲದಲ್ಲಿ ಬೆತ್ತ ಹಿಡಿದವಳು ಬಾಚವ್ವೆ. ನೆಟ್ಟಗಿನ ಮೈಕಟ್ಟು, ಹರಿತವಾದ ಮಾತು. ಆನೆಲಾಯದ ಕಂಬಗಳನ್ನು ಆಕೆ ತೋರಿಸಿದರೆ ಇಲ್ಲದ ಆನೆಗಳೂ ಕಾಣುತ್ತಿದ್ದವಂತೆ. ಆಕೆಯ ಗಂಡ ಕೇತೋಜ ಬಾವಿ ತೋಡುವ ಒಕ್ಕಲಿನ ಹಿರಿಯ, ಕಲ್ಲುಕೆಲಸದಲ್ಲಿ ಪಳಗಿದವನು. ಬಾಚವ್ವೆ ಎಷ್ಟು ಮಾತುಗಾರ್ತಿಯೋ ಇವನು ಅಷ್ಟೇ ಮೌನಿ. ತನ್ನ ಕೆಲಸದ ಸುದ್ದಿ ಬಂದಾಗ ಮಾತ್ರ ಬಾಯಿ ಬಿಚ್ಚುತ್ತಿದ್ದ. ಅದೇ ಅವನಿಗೆ ಮುಳುವಾಯಿತು. ಊರಿನ ನಾಯಕ ಗೊಂಕನಾಯಕನಿಗೆ ತನ್ನ ಹೆಸರಿನಲ್ಲೊಂದು ದೊಡ್ಡ ಬಾವಿ ಬೇಕೆಂಬ ಹುಚ್ಚು ಹತ್ತಿತ್ತು. ಕೆಲಸ ಒಪ್ಪಿಸಲು ಕರೆಸಿದಾಗ, ನೆಲದಡಿಯ ನೀರನ್ನು ಹೇಗೆ ಕಂಡುಹಿಡಿಯುತ್ತೀ ಎಂದು ಅವನು ಕೇಳಿದ. ಕೇತೋಜ ಹೆಮ್ಮೆಯಿಂದ ತನ್ನ ಕುಲದ ಪದ್ಧತಿಯೊಂದನ್ನು ವಿವರಿಸಿದ. ಅದಕ್ಕೆ ಬಾಯಾರಿಕೆ ಹಿಡಿಯುವುದು ಎನ್ನುತ್ತಾರೆ. ತೋಡುತ್ತ ತೋಡುತ್ತ ಮಣ್ಣು ತೇವವಾಯಿತೆಂದರೆ, ಮರುದಿನ ಸೂರ್ಯ ಹುಟ್ಟಿದಾಗಿನಿಂದ ಹಿರಿಯನು ನೀರು ಮುಟ್ಟದೆ ಒಬ್ಬನೇ ಇಳಿಯುತ್ತಾನೆ. ಬಾಯಾರಿದವನ ಮೂಗಿಗೆ ಒರತೆಯ ವಾಸನೆ ಬೇಗ ಸಿಕ್ಕುತ್ತದೆ. ಅವನು ತೋರಿದ ಕಡೆ ಹಾರೆ ಹಾಕಿದರೆ ಮಧ್ಯಾಹ್ನದೊಳಗೆ ನೀರು ಚಿಮ್ಮುತ್ತದೆ. ಮೊದಲ ಬೊಗಸೆ ಅವನೇ ಕುಡಿಯುತ್ತಾನೆ. ಗೊಂಕನಾಯಕ ಇದನ್ನು ಕಿವಿಗೊಟ್ಟು ಕೇಳಿದ. ಕೇಳಿ, ನೆನಪಿಟ್ಟುಕೊಂಡ.

ಬಾವಿ ಅರವತ್ತು ಮೊಳ ಆಳಕ್ಕೆ ಇಳಿದರೂ ಮಣ್ಣು ಒಣಗಿಯೇ ಇತ್ತು. ವೈಶಾಖದ ಬಿಸಿಲು. ಮುಂದಿನ ಊರುನೋಟಕ್ಕೆ ಬಾವಿಯನ್ನು ತೋರಿಸುತ್ತೇನೆಂದು ಗೊಂಕನಾಯಕ ಆಗಲೇ ಓಲೆ ಬರೆಸಿ ಕಳಿಸಿಬಿಟ್ಟಿದ್ದ. ಸಿಟ್ಟು ನೆತ್ತಿಗೇರಿ ಬಾವಿಯ ಬಾಯಿಗೆ ಬಂದವನು, ಕೆಲಸದವರನ್ನೆಲ್ಲ ಮೇಲೆ ಹತ್ತಿಸಿ, ಕೇತೋಜನೊಬ್ಬನನ್ನು ಕೆಳಗೆ ಉಳಿಸಿ, ಹಗ್ಗದ ಏಣಿಯನ್ನು ಎಳೆಸಿಕೊಂಡ.

"ನಿಮ್ಮ ಕುಲದ ಪದ್ಧತಿ ಐತಲ್ಲೋ, ಹಿಡಿ ಬಾಯಾರಿಕಿ! ನೀರು ಬರೂತನ ಮ್ಯಾಲ ಬರೂಹಂಗಿಲ್ಲ" ಎಂದು ಕೂಗಿದ.

"ಒಣಮಣ್ಣಿನ್ಯಾಗ ಹಿಡಿಯೂದಲ್ರೀ ಅದು, ಧಣಿ! ಒಂದೊಪ್ಪತ್ತಿನ ವ್ರತ ಅದು" ಎಂದು ಕೇತೋಜ ಕೆಳಗಿನಿಂದ ಕೂಗಿದ್ದನ್ನು ದಂಡೆಯಲ್ಲಿದ್ದವರೆಲ್ಲ ಕೇಳಿದರು. ಗೊಂಕನಾಯಕ ಕುದುರೆ ಹತ್ತಿ ಹೋದ. ಹೇಳುವವರೂ ಕೇಳುವವರೂ ಇಲ್ಲದ ದರ್ಬಾರು ಅದು.

ಸುದ್ದಿ ತಿಳಿದ ಬಾಚವ್ವೆ ಒಂದು ತಾಮ್ರದ ಬಿಂದಿಗೆ ತುಂಬಿಕೊಂಡು, ಹಗ್ಗ ಹಿಡಿದು ಓಡಿಬಂದಳು. ಬಿಂದಿಗೆ ಇಳಿಬಿಡಲು ಕಾವಲಿನವರು ಬಿಡಲಿಲ್ಲ. ಎರಡು ಭರ್ಚಿಗಳನ್ನು ಅಡ್ಡ ಹಿಡಿದು ನಿಂತರು. ಆಕೆ ಮೂರು ದಿನ ಅಲ್ಲೇ ಕೂತಳು. ತುಂಬಿದ ಬಿಂದಿಗೆ ಪಕ್ಕದಲ್ಲಿ, ಹಗ್ಗ ತೊಡೆಯ ಮೇಲೆ, ಗಂಡ ಕಾಲಡಿಯ ಕತ್ತಲೆಯಲ್ಲಿ. ಮೊದಲ ದಿನ ಹಾರೆಯ ಸದ್ದು ಬರುತ್ತಿತ್ತು. ಎರಡನೆಯ ದಿನ ಉಳಿಯ ಸದ್ದು ಬಂತು, ಆಮೇಲೆ ಅವನ ದನಿ: "ಬಾಚೀ, ಇಲ್ಲೇ ಬರತೈತಿ ಒರತಿ, ವಾಸನಿ ಸಿಕ್ತು. ಎಡಗಡೆ ಬುಡದ ಕಲ್ಲಿಗೆ ಗುರುತು ಹಾಕೇನಿ." ಪ್ರತಿಯೊಬ್ಬ ಹಿರಿಯನೂ ತಾನು ತೋಡಿದ ಬಾವಿಯ ಒರತೆಗಲ್ಲಿನ ಮೇಲೆ ತನ್ನ ಗುರುತು ಕೆತ್ತುತ್ತಿದ್ದ, ಕೇತೋಜನದು ಹಕ್ಕಿಯ ಪಾದದಂಥ ಮೂರು ಗೀರು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕೆಳಗಿನಿಂದ ಬರುತ್ತಿದ್ದುದು ಒಂದೇ ಮಾತು, ನೀರು. ಅದೇ ಹೊತ್ತಿಗೆ ಗೊಂಕನಾಯಕ ಕೊಡೆ ಹಿಡಿಸಿಕೊಂಡು ಬಂದ. ಬಾಚವ್ವೆ, ಯಾರ ಮುಂದೆಯೂ ಬಾಗದವಳು, ಅವನ ಕಾಲಿಗೆ ಬಿದ್ದಳು. ಒಂದು ಬಿಂದಿಗೆ ಇಳಿಸಲು ಬಿಡಿ, ಅವನ ದನಿ ಕೇಳಿ ಎಂದಳು. ಗೊಂಕನಾಯಕ ಬಾವಿಯ ಮೇಲೆ ಬಾಗಿ, ಕಿವಿಗೆ ಕೈ ಅಡ್ಡ ಹಿಡಿದು, ಕೇಳುವವನಂತೆ ನಟಿಸಿದ.

"ಕೇಳಿಸವಲ್ದು" ಎಂದ. ಕಾವಲಿನವನ ಕಡೆ ತಿರುಗಿ, "ನಿನಗೇನರ ಕೇಳಿಸ್ತೇನೋ?" ಎಂದು ನಕ್ಕ. ಕಾವಲಿನವನು ತಲೆ ತಗ್ಗಿಸಿದ.

ಸಂಜೆಗೆ ಒರತೆ ಒಡೆಯಿತು. ನೀರಿನ ಸದ್ದು ಕೇಳಿ ಏಣಿ ಇಳಿಸಿದಾಗ ಪಾದ ಮುಳುಗುವಷ್ಟು ನೀರಿತ್ತು. ಕೇತೋಜ ಒರತೆಗಲ್ಲಿಗೆ ಒರಗಿ ಕೂತಲ್ಲೇ ಸತ್ತಿದ್ದ. ಬೆರಳುಗಳು ಒದ್ದೆಯಾಗಿದ್ದವು, ತುಟಿಗಳು ಒಣಗಿದ್ದವು. ಆ ಮೊದಲ ಬೊಗಸೆ ಬಾಯಿಯವರೆಗೆ ಬರಲಿಲ್ಲ. ಹುಣಸೆಮರದ ಬುಡದಲ್ಲಿ ಅವನನ್ನು ಮಣ್ಣು ಮಾಡಿದರು. ಗೊಂಕನಾಯಕ ಬೇರೆ ಊರಿನ ಕೆಲಸಗಾರರಿಂದ ಮೆಟ್ಟಿಲು ಕಟ್ಟಿಸಿದ, ದಂಡೆಯಲ್ಲಿ ಗೊಂಕಸಮುದ್ರ ಎಂದು ಕೆತ್ತಿಸಿದ ಕಲ್ಲು ನಿಲ್ಲಿಸಿದ, ಕೇತೋಜನ ಹೆಸರೆತ್ತಿದವರ ನಾಲಗೆ ಕೀಳಿಸುತ್ತೇನೆ ಎಂದು ಡಂಗುರ ಸಾರಿಸಿದ. ಗಂಡನನ್ನು ಕೊಂದದ್ದು ಒಂದು, ಹೆಸರನ್ನೂ ಹೂಳಿದ್ದು ಇನ್ನೊಂದು. ಎರಡನೆಯದು ಬಾಚವ್ವೆಯನ್ನು ಮೊದಲನೆಯದಕ್ಕಿಂತ ಹೆಚ್ಚು ಸುಟ್ಟಿತು. ಊರು ಕಟ್ಟಿದ ಕಸುಬುದಾರರ ಹೆಸರುಗಳನ್ನೆಲ್ಲ ಬಾಯಿಪಾಠ ಹೇಳುವ ಅವಳ ನಾಲಗೆಯ ಮೇಲೆ ತನ್ನವನ ಹೆಸರಿಗೆ ಮಾತ್ರ ಜಾಗವಿಲ್ಲ! ಆಕೆ ಅಳಲಿಲ್ಲ, ಶಾಪ ಹಾಕಲಿಲ್ಲ. ಬಿಂದಿಗೆಯನ್ನು ಮನೆಗೆ ತಂದು, ಒರೆಸಿ, ಮೊಳೆಗೆ ನೇತು ಹಾಕಿದಳು. ಅಂದಿನಿಂದ ದಿನಕ್ಕೆ ಒಮ್ಮೆ, ಸೂರ್ಯ ಮುಳುಗಿದ ಮೇಲೆ ಮಾತ್ರ ನೀರು ಕುಡಿಯತೊಡಗಿದಳು. ಗಂಡ ಸತ್ತವಳ ನೇಮವಿರಬೇಕೆಂದು ನೆರೆಹೊರೆಯವರು ಮರುಗಿದರು. ಹೆದರಿ ಬಾಯಿ ಮುಚ್ಚಿಕೊಂಡಿದ್ದಾಳೆ ಎಂದು ಗೊಂಕನಾಯಕ ನಿಶ್ಚಿಂತನಾದ. ಅವಳು ಮಾಡುತ್ತಿದ್ದುದು ಸಾಧನೆ. ಒಂದು ಇಡೀ ದಿನದ ಬಿಸಿಲನ್ನು ಒಣಗಂಟಲಲ್ಲಿ ನಡೆದು ಗೆಲ್ಲಬೇಕಿತ್ತು ಅವಳಿಗೆ.

ಮರು ವೈಶಾಖದಲ್ಲಿ ಊರುನೋಟಕ್ಕೆ ಬಂದವನು ತಿರುವೆಂಗಳಯ್ಯನೆಂಬ ಮುದಿ ಮಂತ್ರಿ. ತೆಳ್ಳನೆಯ ಮನುಷ್ಯ, ಕುತೂಹಲಕ್ಕೆ ಕೊನೆಯಿಲ್ಲ, ಕಂಡದ್ದನ್ನೆಲ್ಲ ಕೇಳುವ ಚಟ. ಬಾಚವ್ವೆಗೆ ಬೇಕಾದದ್ದೂ ಅದೇ. ಬೆಳಗಿನ ಪೂಜೆ ಮುಗಿಸಿ ಬೆತ್ತ ಕೈಗೆತ್ತಿಕೊಂಡಳು. ಪ್ರತಿವರ್ಷ ಮಧ್ಯಾಹ್ನದೊಳಗೆ ಮುಗಿಯುತ್ತಿದ್ದ ನೋಟ ಆ ವರ್ಷ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಆನೆಲಾಯದ ಹನ್ನೊಂದು ಅಂಕಣಗಳನ್ನೂ ಒಂದೊಂದಾಗಿ ತೋರಿಸಿದಳು. ನೆರಳಿನ ಬುರುಜಿನ ಮೇಲೆ ಹತ್ತಿಸಿ, ನೆರಳು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಜರುಗುವವರೆಗೂ ಬಿಸಿಲಲ್ಲಿ ನಿಲ್ಲಿಸಿದಳು. ತಿರುವೆಂಗಳಯ್ಯ ಪಾನಕ ಹೀರುತ್ತ ಖುಷಿಪಟ್ಟ. ಗೊಂಕನಾಯಕನ ಪೇಟದಡಿಯಿಂದ ಬೆವರು ಧಾರೆಯಾಗಿ ಇಳಿಯಿತು. ಆಮೇಲೆ ಮೆಣಸಿನಕಾಯಿ ಪೇಟೆ. ಅಲ್ಲಿ ಒಣಮೆಣಸಿನ ರಾಶಿಗಳ ನಡುವೆ ನಡೆದವರೆಲ್ಲ ಸೀನಿ ಸೀನಿ ಸುಸ್ತಾದರು; ಅತಿಥಿಗಳು ಮಜ್ಜಿಗೆ ಕುಡಿದು ಸುಧಾರಿಸಿಕೊಂಡರು, ಗೊಂಕನಾಯಕ ಉಗುಳು ನುಂಗಿದ. ಅಲ್ಲಿಂದ ಉಪ್ಪಿನ ಪೇಟೆ. ಉಪ್ಪಿನ ವರ್ತಕರು ಊರಿನ ನಾಯಕನ ನಾಲಗೆಯ ಮೇಲೆ ಒಂದು ಚಿಟಿಕೆ ಉಪ್ಪಿಡುವುದು ಸಂಪ್ರದಾಯ, ಬೇಡ ಎಂದರೆ ಅವರಿಗೆ ಅವಮಾನ. ಹದಿನೇಳು ಅಂಗಡಿಗಳಿದ್ದವು. ಬಾಚವ್ವೆ ಒಂದನ್ನೂ ಬಿಡಲಿಲ್ಲ.

"ಎಷ್ಟು ಉಳಿದಾವು?" ಎಂದು ಗೊಂಕನಾಯಕ ಹಲ್ಲು ಕಚ್ಚಿ ಕೇಳಿದ. "ದೊಡ್ಡ ಊರು, ಧಣಿ. ಮಂತ್ರಿಗಳು ಮತ್ತ ಮತ್ತ ಬರ್ತಾರೇನು?" ಎಂದಳು ಬಾಚವ್ವೆ. ಅವಳ ಗಂಟಲೂ ಒಣಗಿತ್ತು, ಆದರೆ ಅದು ಅವಳಿಗೆ ಪರಿಚಯದ ಬಾಯಾರಿಕೆ. ಪ್ರತಿ ಕಟ್ಟಡದ ಮುಂದೆ ಕಟ್ಟಿದವನ ಹೆಸರನ್ನು ಗಟ್ಟಿಯಾಗಿ ಹೇಳುತ್ತ, ಹಿಂದೆ ಬರುವ ಭಾರವಾದ ಹೆಜ್ಜೆಗಳನ್ನು ಕೇಳುತ್ತ, ಅವು ಎಳೆದೆಳೆದು ಬೀಳತೊಡಗಿದಾಗ ಅವಳಿಗೆ ಆದ ಸಂತೋಷವನ್ನು ಮುಚ್ಚಿಡುವುದೇಕೆ? ತುಂಬಾ ಸಂತೋಷವಾಯಿತು.

ಹೊತ್ತು ವಾಲುವಾಗ ಬಾವಿಗೆ ಬಂದರು. ಊರಿಗೆ ಊರೇ ದಂಡೆಯ ಸುತ್ತ ನೆರೆದಿತ್ತು. ಕೆಳಗೆ ಹಸಿರು ನೀರು ಫಳಫಳಿಸುತ್ತಿತ್ತು. ತಿರುವೆಂಗಳಯ್ಯ ಎರಡೂ ಕೈಯೆತ್ತಿ, ಇಂಥದ್ದನ್ನು ಎಲ್ಲೂ ಕಂಡಿಲ್ಲ ಎಂದು ಮೆಚ್ಚಿ, ಕಟ್ಟಳೆಯಂತೆ ಕೇಳಿದ: ಇದು ಯಾರ ಕೈಕೆಲಸ? ಬಾಚವ್ವೆ ಬೆತ್ತವನ್ನು ನೆಲಕ್ಕೂರಿ ಗೊಂಕನಾಯಕನ ಕಡೆ ತಿರುಗಿದಳು. "ಇದನ್ನ ಹೇಳಾಕ ನನಗ ಅಪ್ಪಣಿ ಇಲ್ರಿ. ಧಣ್ಯಾರ ಹೇಳಲಿ" ಎಂದಳು. ಗೊಂಕನಾಯಕನ ಕಣ್ಣು ನೀರಿನ ಮೇಲಿತ್ತು, ಬುದ್ಧಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. "ನನ್ನದ, ನನ್ನ ಕೈಕೆಲಸ" ಎಂದುಬಿಟ್ಟ. ನಾಯಕನೊಬ್ಬ ತಾನೇ ಹಾರೆ ಹಿಡಿದನೆಂದು ಕೇಳಿ ಮಂತ್ರಿ ಹುಬ್ಬೇರಿಸಿದ. ಹಾಗಿದ್ದರೆ ಭಲೇ! ಬಾವಿ ತೋಡಿದವನು ಒರತೆಗಲ್ಲಿನ ಮೇಲಿನ ತನ್ನ ಗುರುತು ತೋರಿಸಿ ಮೊದಲ ಬೊಗಸೆ ಕುಡಿಯಬೇಕಲ್ಲವೇ, ಇಳಿಯಿರಿ ಎಂದು ಅವನ ಜೊತೆಗೆ ತನ್ನ ಇಬ್ಬರು ಭಟರನ್ನು ಕಳಿಸಿದ.

ನೂರೆಂಟು ಮೆಟ್ಟಿಲು ಇಳಿದು ಗೊಂಕನಾಯಕ ನೀರಿನ ಅಂಚಿಗೆ ಬಂದ. ಬಗ್ಗಿದರೆ ಬಾಯಿಗೆ ಸಿಕ್ಕುವ ನೀರು. ಎಲ್ಲಿದೆ ಗುರುತು, ಎಂಥದ್ದು ಗುರುತು, ಅವನಿಗೇನು ಗೊತ್ತು? ತೋರಿಸದೆ ಕುಡಿದರೆ ಸುಳ್ಳುಗಾರನಾಗಿ ಉಂಗುರ ಹೋಗುತ್ತದೆ. ಅಲ್ಲಿ ಇಲ್ಲಿ ಕಲ್ಲು ತಡವಿದ. ಭಟರು ತಲೆಯಲ್ಲಾಡಿಸಿದರು. ಮತ್ತೆ ಮೇಲೆ ಹತ್ತತೊಡಗಿದ. ಅರ್ಧಕ್ಕೆ, ಐವತ್ತನಾಲ್ಕನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಮೇಲೆ ನೋಡಿದರೆ ಜನ, ಕೆಳಗೆ ನೋಡಿದರೆ ನೀರು. ಬಾಚವ್ವೆ ಆಗ ಮನೆಯಿಂದ ತರಿಸಿದ್ದ ಆ ತಾಮ್ರದ ಬಿಂದಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಹಗ್ಗವನ್ನು ತೊಡೆಯ ಮೇಲೆ ಹಾಕಿಕೊಂಡು, ಹಿಂದಿನ ವರ್ಷ ಮೂರು ದಿನ ಕೂತ ಜಾಗದಲ್ಲೇ ಕೂತಳು. ಗೊಂಕನಾಯಕ ಅದನ್ನು ಕಂಡ. ಆಗ ಅವನಿಗೆ ಇಡೀ ದಿನದ ಲೆಕ್ಕ ತಿಳಿಯಿತು ಎನ್ನುತ್ತಾರೆ. ಯಾರೂ ಗದ್ದಲ ಮಾಡಲಿಲ್ಲ, ಕಲ್ಲೆಸೆಯಲಿಲ್ಲ. ಸುಮ್ಮನೆ ನೋಡಿದರು. ಬಹಳ ಹೊತ್ತಿನ ಮೇಲೆ ಅವನ ತುಟಿ ಅಲ್ಲಾಡಿತು.

"ಕೇಳಿಸವಲ್ದು" ಎಂದಳು ಬಾಚವ್ವೆ.

ಅವನು ಮತ್ತೆ ಬಾಯಿ ತೆರೆದ. ಹದಿನೇಳು ಅಂಗಡಿಯ ಉಪ್ಪು ತಿಂದ ಗಂಟಲಿನಿಂದ ಬರೀ ಗಾಳಿ ಹೊರಟಿತು. ಬಾಚವ್ವೆ ಕಿವಿಗೆ ಕೈ ಅಡ್ಡ ಹಿಡಿದು ಬಾಗಿದಳು. ಹಿಂದಿನ ವರ್ಷ ಭರ್ಚಿ ಅಡ್ಡ ಹಿಡಿದಿದ್ದ ಕಾವಲಿನವನು ಅಲ್ಲೇ ಹತ್ತಿರ ನಿಂತಿದ್ದ. "ನಿನಗೇನರ ಕೇಳಿಸ್ತೇನಪ್ಪಾ?" ಎಂದು ಅವನನ್ನು ಕೇಳಿದಳು. "ಇಲ್ಲವ್ವ" ಎಂದ ಅವನು. ಈ ಸಲ ತಲೆ ತಗ್ಗಿಸಲಿಲ್ಲ. ಮೂರನೆಯ ಸಲಕ್ಕೆ ಗೊಂಕನಾಯಕ ಗೋಡೆ ಹಿಡಿದು ಎದ್ದು ನಿಂತು, ಉಸಿರನ್ನೆಲ್ಲ ಒಟ್ಟುಮಾಡಿ, ಗಂಟಲು ಹರಿಯುವಂತೆ ಕಿರುಚಿದ: "ಕೇತೋಜಾ!" ಬಾವಿ ಆ ಹೆಸರನ್ನು ಎತ್ತಿಕೊಂಡು, ಗೋಡೆಯಿಂದ ಗೋಡೆಗೆ ದಾಟಿಸಿ, ಮೂರು ಸಲ ಮೇಲೆ ಕಳಿಸಿತು. ಒಂದು ವರ್ಷ ಯಾರ ಬಾಯಲ್ಲೂ ಇರದಿದ್ದ ಹೆಸರು ಊರಿನವರೆಲ್ಲರ ಕಿವಿಗೂ ಒಟ್ಟಿಗೇ ಬಿತ್ತು. ಬಾಚವ್ವೆ ಆಗ ಮೊದಲ ಬಾರಿಗೆ ಅತ್ತಳು.

"ಎಡಗಡೆ ಬುಡದ ಕಲ್ಲು. ಹಕ್ಕಿ ಪಾದ" ಎಂದು ಹೇಳಿದಳು. ಭಟನೊಬ್ಬ ಮುಳುಗಿ ತಡವಿ, ಮೂರು ಗೀರುಗಳಿವೆ ಎಂದು ಕೂಗಿದ. ನಡೆದದ್ದನ್ನೆಲ್ಲ ಜನರಿಂದ ಕೇಳಿದ ಮಂತ್ರಿ ಗೊಂಕನಾಯಕನ ಉಂಗುರ ಕಳಚಿಸಿದ. ಬಾಚವ್ವೆಗೆ ಅದರ ಮೇಲೆ ಗಮನವಿರಲಿಲ್ಲ. ಹಗ್ಗ ಕಟ್ಟಿ ಬಿಂದಿಗೆಯನ್ನು ಇಳಿಬಿಟ್ಟಳು. ಅದು ಐವತ್ತನಾಲ್ಕನೆಯ ಮೆಟ್ಟಿಲಲ್ಲಿ ಕೂತವನ ಮೂಗಿನ ಮುಂದೆಯೇ ಖಾಲಿಯಾಗಿ ಇಳಿಯಿತು, ತುಂಬಿ, ತುಳುಕುತ್ತ ಮತ್ತೆ ಅವನ ಮೂಗಿನ ಮುಂದೆಯೇ ಹತ್ತಿತು. ಅವನು ಕೈ ಚಾಚಿದ. ಅವಳು ಹಗ್ಗವನ್ನು ಒಂದು ಗೇಣು ಆಚೆ ಸರಿಸಿದಳು. ಆ ನೀರನ್ನು ಹುಣಸೆಮರದ ಬುಡಕ್ಕೆ ಸುರಿದು, ಉಳಿದದ್ದನ್ನು ಕೇತೋಜನ ಜೊತೆ ದುಡಿದವರ ಬೊಗಸೆಗಳಿಗೆ ಬಗ್ಗಿಸಿ, ಕೊನೆಗೆ ತಾನು ಕುಡಿದಳು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಗೊಂಕನಾಯಕನಿಗೆ ಯಾರಾದರೂ ನೀರು ಕೊಟ್ಟರೇ? ಆಮೇಲೆ ಭಟರು ಕೊಟ್ಟರೆಂದೂ, ನುಂಗಲಾಗದೆ ಎದೆಯ ಮೇಲೆ ಚೆಲ್ಲಿಕೊಂಡನೆಂದೂ ಕೆಲವರು ಹೇಳುತ್ತಾರೆ. ಬದುಕಿದ್ದಷ್ಟು ದಿನ ಅವನ ದನಿ ಮರಳಲಿಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮರುವರ್ಷದ ಊರುನೋಟದಲ್ಲಿ, ಈ ಬಾವಿಯ ಹೆಸರೇನು ಎಂದು ಹೊಸ ಅತಿಥಿ ಕೇಳಿದಾಗ, ಬಾಚವ್ವೆ ದಂಡೆಯ ಕಲ್ಲಿನ ಕಡೆ ಬೆತ್ತ ತೋರಿಸದೆ, ಐವತ್ತನಾಲ್ಕನೆಯ ಮೆಟ್ಟಿಲನ್ನು ತೋರಿಸಿ ಒಣಗಂಟಲ ಬಾವಿ ಎಂದಳು. ಗಂಡನ ಹೆಸರನ್ನೇ ಇಡಬಹುದಿತ್ತಲ್ಲ ಎಂದವರಿಗೆ, ಅವನ ಹೆಸರು ಒಳಗಿನ ಕಲ್ಲಿನಲ್ಲಿದೆ, ಇದು ಇನ್ನೊಬ್ಬನ ಪಾಲಿನದು ಎಂದಳಂತೆ.

ಈಗ ಆ ಬೆತ್ತವಿಲ್ಲ, ನಾಯಕರೂ ಇಲ್ಲ. ಗೊಂಕಸಮುದ್ರ ಎಂದು ಕೆತ್ತಿದ ಕಲ್ಲು ಮೊದಲನೆಯ ಮೆಟ್ಟಿಲಾಗಿ ಬಿದ್ದಿದೆ. ಬಂದವರೆಲ್ಲ ಅದನ್ನು ತುಳಿದೇ ಇಳಿಯಬೇಕು, ಅಕ್ಷರಗಳು ಮುಕ್ಕಾಲು ಸವೆದಿವೆ. ಐವತ್ತನಾಲ್ಕನೆಯ ಮೆಟ್ಟಿಲು ನಡುವೆ ತುಸು ತಗ್ಗಾಗಿದೆ. ಎಷ್ಟೇ ಕಾಲು ಸೋತರೂ ಊರಿನವರು ಅಲ್ಲಿ ಕೂರುವುದಿಲ್ಲ. ಪರವೂರಿನವರು ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಡುಬೇಸಿಗೆಯಲ್ಲಿ ನೀರು ಇಳಿದಾಗ ಎಡಗಡೆಯ ಬುಡದ ಕಲ್ಲಿನಲ್ಲಿ ಹಕ್ಕಿಯ ಪಾದದ ಗುರುತು ಕಾಣುತ್ತದೆ. ನೀರು ಮುಟ್ಟುವ ಮೊದಲು ಕೇತೋಜನ ಹೆಸರು ಹಿಡಿದು ಕೂಗಬೇಕು, ಮೊದಲ ಬೊಗಸೆಯನ್ನು ಮರದ ಬುಡಕ್ಕೆ ಹಾಕಬೇಕು ಎಂದು ಗೈಡುಗಳು ಹೇಳಿಕೊಡುತ್ತಾರೆ. ಬಂದವರು ಸಂಕೋಚದಿಂದ ಮೆಲ್ಲಗೆ ಒಮ್ಮೆ ಕೂಗುತ್ತಾರೆ. ಆಗ ಗೈಡು ಕಿವಿಗೆ ಕೈ ಅಡ್ಡ ಹಿಡಿದು, ಬಾವಿಯ ಕಡೆ ಬಾಗಿ, "ಕೇಳಿಸವಲ್ದ್ರೀ" ಎನ್ನುತ್ತಾನೆ. ತಮಾಷೆಯೆಂದುಕೊಂಡು ಎಲ್ಲರೂ ನಗುತ್ತಾರೆ, ಮತ್ತೆ ಗಟ್ಟಿಯಾಗಿ ಕೂಗುತ್ತಾರೆ. ಗೈಡು ಮಾತ್ರ ನಗುವುದಿಲ್ಲ.